ಅಕ್ಕಿ ರೊಟ್ಟಿ ಸರಿಮಾಡಲು ಹೋಗಿ ಓಪನ್ ಸೋರ್ಸ್‌ಗೆ ಬಂದೆ

ಓಪನ್ ಸೋರ್ಸ್ ಅಂದ್ರೆ ಕೋಡ್ ಎಲ್ಲರಿಗೂ ತೆರೆದಿರುವ, ಯಾರು ಬೇಕಾದರೂ ತಿದ್ದಿ ಕಳಿಸಬಹುದಾದ ಸಾಫ್ಟ್‌ವೇರ್. ಅದಕ್ಕೆ ಹೊಸಬರು ಅಂದ್ರೆ ಮೊದಲು ಇಂಥ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ಸುಲಭವಾದ ಕೆಲಸ) ಅನ್ನುವ ಲೇಬಲ್ ಹುಡುಕುತ್ತಾರೆ. ನಾನೂ ಹುಡುಕಿದೆ. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಅಂಥದ್ದೊಂದು ಬಂದರೆ ಸಾಕು, ‘ನನಗೆ ಕೊಡಿ’ ಅಂತ ಜನ ಮುಗಿಬೀಳುತ್ತಾರೆ. ಅದನ್ನು ಬಿಟ್ಟು, ನಾನೇ ದಿನಾ ಬಳಸುವ ಆಪ್‌ನಲ್ಲಿ ಕಿರಿಕಿರಿ ಮಾಡುತ್ತಿದ್ದ ಒಂದು ಬಗ್ (ದೋಷ) ಹಿಡಿದುಕೊಂಡೆ.

ಅದೊಂದು ಚಿಕ್ಕ ನೋಟ್ಸ್ ಆಪ್. ಪಟ್ಟಿಯಲ್ಲಿ ತಲೆಬರಹವನ್ನು 10 ಚಿಹ್ನೆಗೆ ಕತ್ತರಿಸಿ ಮುಂದೆ ಚುಕ್ಕಿ ಇಡುತ್ತಿತ್ತು. ‘ಅಕ್ಕಿ ರೊಟ್ಟಿ’ ಅಂತ ಬರೆದರೆ ‘ಅಕ್ಕಿ ರೊಟ್…’ ಅಂತ ಕಾಣಿಸುತ್ತಿತ್ತು. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಅಲ್ವಾ? ಕಂಪ್ಯೂಟರ್‌ಗಳು ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಲೆಕ್ಕದಲ್ಲಿ ನಡುವಿನ ಖಾಲಿ ಜಾಗವೂ ಸೇರಿ 12. ‘ಟ್ಟಿ’ ಒಂದಕ್ಕೇ ಟ, ಹಲಂತ (ಒತ್ತಕ್ಷರ ಮಾಡುವ ‘್’ ಚಿಹ್ನೆ), ಇನ್ನೊಂದು ಟ, ಗುಡಿಸು ಅಂತ ನಾಲ್ಕು. ಹತ್ತನೆಯದು ಸರಿಯಾಗಿ ಆ ಹಲಂತವೇ.

ಮೊದಲು ಇದನ್ನು ಯಾರಾದರೂ ಹೇಳಿದ್ದಾರಾ ಅಂತ ಪ್ರಾಜೆಕ್ಟ್‌ನ ಹಳೇ ಇಶ್ಯೂಗಳಲ್ಲಿ (ಜನ ಬರೆದ ದೂರುಗಳಲ್ಲಿ) ನೋಡಿದೆ, ಮುಚ್ಚಿರುವವೂ ಸೇರಿ. ಇರಲಿಲ್ಲ. ಆಪ್‌ನ ವರ್ಷನ್, ಏನು ಟೈಪ್ ಮಾಡಿದೆ, ಏನು ಕಂಡಿತು, ಏನು ಕಾಣಬೇಕಿತ್ತು, ಒಂದು ಸ್ಕ್ರೀನ್‌ಶಾಟ್. ಇಷ್ಟೇ ಬರೆದು ಹೊಸ ಇಶ್ಯೂ ಹಾಕಿದೆ. ಪ್ರಾಜೆಕ್ಟ್ ನೋಡಿಕೊಳ್ಳುವವರಿಗೆ ಕನ್ನಡ ಬರುವುದಿಲ್ಲ, ಆದರೂ ಸಮಸ್ಯೆ ತಕ್ಷಣ ಅರ್ಥವಾಯಿತು. ‘ನೀವೇ ಪ್ಯಾಚ್ (ತಿದ್ದಿದ ಕೋಡ್) ಕಳಿಸ್ತೀರಾ?’ ಅಂದರು.

ಜಾಸ್ತಿ ಹೊತ್ತು ಹಿಡಿದಿದ್ದು ಕೋಡ್ ಬರೆಯಲು ಅಲ್ಲ, ಪ್ರಾಜೆಕ್ಟನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಲು. ಫೋರ್ಕ್ (ಗಿಟ್‌ಹಬ್‌ನಲ್ಲಿ ನನ್ನದೇ ಒಂದು ಪ್ರತಿ), ಕ್ಲೋನ್ (ಅದನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವುದು) ಆದಮೇಲೆ, ಕೋಡ್ ಕಳಿಸುವುದು ಹೇಗೆ ಅಂತ ಹೇಳುವ ‘ಕಾಂಟ್ರಿಬ್ಯೂಟಿಂಗ್’ ಫೈಲ್ ಓದಿ, ಏನನ್ನೂ ಮುಟ್ಟುವ ಮೊದಲು ಇದ್ದ ಟೆಸ್ಟ್‌ಗಳನ್ನೆಲ್ಲ (ಕೋಡ್ ಸರಿಯಿದೆಯಾ ಅಂತ ನೋಡುವ ಕೋಡ್) ಓಡಿಸಿ, ಪಾಸಾದ ಮೇಲೇ ಹೊಸ ಬ್ರಾಂಚ್ (ನನ್ನ ಬದಲಾವಣೆಗೆ ಬೇರೆ ಕವಲು) ಮಾಡಿದೆ. ಇಲ್ಲದಿದ್ದರೆ ಆಮೇಲೆ ಕೆಟ್ಟದ್ದು ನಮ್ಮಿಂದಲೋ ಮೊದಲೇ ಕೆಟ್ಟಿತ್ತೋ ಅಂತ ತಲೆ ಕೆಡುತ್ತದೆ. ಕತ್ತರಿಸುವ ಕೋಡ್ ಎಲ್ಲಿದೆ? ಗೊತ್ತಿಲ್ಲ. ಆ ಚುಕ್ಕಿಗಳನ್ನೇ ಕೋಡ್‌ನಲ್ಲೆಲ್ಲ ಪದ ಹುಡುಕುವ ಗಿಟ್ ಗ್ರೆಪ್‌ನಲ್ಲಿ ಹುಡುಕಿದೆ, ಸಿಕ್ಕಿತು. ಕತ್ತರಿ ಬೀಳುವ ಜಾಗದ ಹಿಂದೆ ಹಲಂತ ಇದ್ದರೆ, ಅಥವಾ ಮುಂದೆ ಹಲಂತವೋ ಗುಣಿತದ ಚಿಹ್ನೆಯೋ ಇದ್ದರೆ, ಹಿಂದಿನ ಪೂರ್ತಿ ಅಕ್ಷರದವರೆಗೆ ಹಿಂದಕ್ಕೆ ಹೋಗು ಅಂತ ಕೆಲವು ಸಾಲು ಬರೆದೆ.

ಇದನ್ನು ಸೇರಿಸಿಕೊಳ್ಳಿ ಅಂತ ಕಳಿಸಿದ ಮನವಿಯನ್ನು, ಅಂದರೆ ಪುಲ್ ರಿಕ್ವೆಸ್ಟನ್ನು, ಅವರು ಹಾಗೇ ಒಪ್ಪಲಿಲ್ಲ. ಹಿಂದಿಗೂ ಇದು ನಡೆಯುತ್ತದಾ, ಟೆಸ್ಟ್ ಎಲ್ಲಿ ಅಂತ ಕೇಳಿದರು. ಎರಡೂ ಭಾಷೆಗೆ ಟೆಸ್ಟ್ ಬರೆದು ಅದೇ ಬ್ರಾಂಚ್‌ಗೆ ಪುಶ್ ಮಾಡಿದೆ (ಗಿಟ್‌ಹಬ್‌ಗೆ ಕಳಿಸಿದೆ), ಹೊಸದಾಗಿ ಪುಲ್ ರಿಕ್ವೆಸ್ಟ್ ತೆರೆಯಬೇಕಿಲ್ಲ. ಆಮೇಲೆ ಮರ್ಜ್ ಆಯಿತು, ಅಂದರೆ ಮೂಲ ಕೋಡ್‌ಗೆ ಸೇರಿತು.

ಸುಮ್ನೆ ರೀಡ್‌ಮಿಯಲ್ಲಿ (ಪ್ರಾಜೆಕ್ಟ್‌ನ ಪರಿಚಯದ ಫೈಲ್) ಒಂದು ಪದ ಬದಲಿಸಿ ಕಳಿಸುವುದು ಬೇಡ. ಅಕ್ಟೋಬರ್‌ನಲ್ಲಿ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಆ ಆಸೆಗೆ ಇಂಥವು ಎಷ್ಟು ಬಂದವೆಂದರೆ, ಮೊದಲೇ ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಅದನ್ನು ನಡೆಸುವವರು ನಿಯಮವನ್ನೇ ಬದಲಿಸಿದರು. ನೀವು ಕಳಿಸಿದ್ದಕ್ಕೆ ಉತ್ತರ ಬರದಿದ್ದರೆ ಒಂದೆರಡು ವಾರ ಬಿಟ್ಟು ಮೆತ್ತಗೆ ಒಂದು ಸಾಲು ಬರೆಯಿರಿ. ಆ ಕಡೆ ಇರುವವರೂ ಎಷ್ಟೋ ಸಲ ಆಫೀಸ್ ಮುಗಿಸಿ ಬಂದು ಇದನ್ನು ನೋಡುವವರೇ.