ರೊಟ್ಟಿ ಬಿರುಸಾಗದ ಬಿಸಿ ಪೆಟ್ಟಿಗೆ: ನೀರಿಗೊಂದು ಹೀಟರ್, ಗಾಳಿಗೊಂದು ಹೀಟರ್

ಜೋಳದ ರೊಟ್ಟಿ ಹಂಚಿನಿಂದ ಇಳಿದ ಹತ್ತು ನಿಮಿಷಕ್ಕೇ ಅಂಚು ಬಿಗಿಯಾಗತೊಡಗುತ್ತದೆ. ಕಲಬುರಗಿಯ ಖಾನಾವಳಿಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆವರೆಗೆ ಊಟ ನಡೆಯುತ್ತದೆ, ಬಡಿಯುವ ಕೈ ಮಾತ್ರ ಎರಡೋ ಮೂರೋ. ಗಾಜಿನ ಕಪಾಟಿನ ಕೆಳಗೆ ಕಾಯಿಲ್ ಹಾಕಿದ, ಅಂಗಡಿಯಲ್ಲಿ ಸಿಗುವ ಹಾಟ್ ಕೇಸಿನಲ್ಲಿ ಇಟ್ಟರೆ ಬಿಸಿ ಉಳಿಯುತ್ತದೆ, ಮೆದು ಉಳಿಯುವುದಿಲ್ಲ. ಅರ್ಧ ತಾಸಿಗೆ "ರೊಟ್ಟಿ ಹಪ್ಪಳ ಆಗ್ಯಾವ್ರಿ" ಎಂದು ಗಿರಾಕಿ ತಿರುಗಿಸಿ ಕಳಿಸುತ್ತಾರೆ. ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿ ಮೊದಲೇ ಒಣ. ಅದನ್ನೇ ಕಾಯಿಸಿ ಬಿಟ್ಟರೆ ಅದು ರೊಟ್ಟಿಯೊಳಗಿನ ನೀರನ್ನೆಲ್ಲ ಹೀರಿಬಿಡುತ್ತದೆ.

ಪೆಟ್ಟಿಗೆ ಕಟ್ಟುವ ಮೊದಲು ರೊಟ್ಟಿ ಏಕೆ ಬಿರುಸಾಗುತ್ತದೆ ಎಂಬುದು ಸ್ಪಷ್ಟವಿರಬೇಕು. ಜೋಳದಲ್ಲಿ ಗ್ಲುಟೆನ್ ಇಲ್ಲ. ಕುದಿಯುವ ನೀರು ಹಾಕಿ ನಾದಿದಾಗ ಹಿಟ್ಟಿನ ಪಿಷ್ಟ ಸ್ವಲ್ಪ ಬೆಂದು ಅಂಟಾಗುತ್ತದೆ, ರೊಟ್ಟಿಯನ್ನು ಹಿಡಿದಿಡುವುದು ಆ ಅಂಟೇ. ತಣಿದಾಗ ಅದೇ ಪಿಷ್ಟ ಮತ್ತೆ ಹರಳುಗಟ್ಟುತ್ತದೆ, ರೊಟ್ಟಿ ಗಡುಸಾಗುತ್ತದೆ. 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಈ ಹರಳುಗಟ್ಟುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಅಂದರೆ ಬೇಕಾದ್ದು ಎರಡು: 60ರ ಮೇಲಿನ ಬಿಸಿ, ರೊಟ್ಟಿಯ ನೀರು ಹೊರಹೋಗದಷ್ಟು ತೇವದ ಗಾಳಿ. ಮೊದಲನೆಯದನ್ನು ಯಾವ ಹೀಟರಾದರೂ ಕೊಡುತ್ತದೆ, ಎರಡನೆಯದಕ್ಕೆ ಲೆಕ್ಕ ಬೇಕು.

ಆ ಲೆಕ್ಕದ ಹಿಂದಿನ ಉಪಾಯ ನನ್ನದಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿದ್ದ ಎಂಜಿನಿಯರ್ ವಿನ್‌ಸ್ಟನ್ ಶೆಲ್ಟನ್, ಕರಿದ ಕೋಳಿ ಒಣಗದೆಯೂ ಮೆತ್ತಗಾಗದೆಯೂ ತಾಸುಗಟ್ಟಲೆ ಉಳಿಯಲಿ ಎಂದು ಒಂದೇ ಪೆಟ್ಟಿಗೆಯಲ್ಲಿ ಎರಡು ಉಷ್ಣತೆಗಳನ್ನು ಬೇರೆ ಬೇರೆ ಹಿಡಿಯುವ ವಿಧಾನ ರೂಪಿಸಿದರು. ಅದರ ಹೆಸರು ಸಿವ್ಯಾಪ್. ಕೆಳಗಿನ ನೀರಿನ ಬಿಸಿ ತಿನಿಸಿನ ಬಿಸಿಯನ್ನು ನಿರ್ಧರಿಸುತ್ತದೆ. ಗಾಳಿಯ ಬಿಸಿ ನೀರಿಗಿಂತ ಎಷ್ಟು ಹೆಚ್ಚು ಎಂಬುದು ಹೊರಮೈ ಮೆದುವೋ ಗರಿಯೋ ಎಂಬುದನ್ನು ನಿರ್ಧರಿಸುತ್ತದೆ. ಬಿಸಿನೀರಿನ ಮೇಲೆ ಪಾತ್ರೆ ಇಡುವ ಬೇನ್ ಮರಿ ಇದಕ್ಕಿಂತ ಎಷ್ಟೋ ಹಳೆಯದು, ಅಲೆಕ್ಸಾಂಡ್ರಿಯಾದ ರಸವಾದಿ ಮರಿಯಾಳ ಹೆಸರು ಅದಕ್ಕೆ ಅಂಟಿಕೊಂಡಿದೆ. ಬ್ಯಾಳಿ, ಸಾಂಬಾರಿಗೆ ಅದು ಸಾಕು. ರೊಟ್ಟಿಗೆ ಸಾಲದು.

ನೀರು 70 ಡಿಗ್ರಿ, ಗಾಳಿ 73 ಡಿಗ್ರಿ ಇದ್ದರೆ ಪೆಟ್ಟಿಗೆಯ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ತೇವದಲ್ಲಿ ಎಷ್ಟು ಪಾಲು ಇದೆ ಎಂಬುದು) ಸುಮಾರು ಶೇ 88. ನೀರನ್ನು ಹಾಗೇ ಬಿಟ್ಟು ಗಾಳಿಯನ್ನು 90ಕ್ಕೆ ಏರಿಸಿದರೆ ಶೇ 44ಕ್ಕೆ ಇಳಿಯುತ್ತದೆ. ಬಾಗಿಲು ತೆಗೆದು ಹಾಕುವುದರಿಂದ ನಿಜದಲ್ಲಿ ಇದಕ್ಕಿಂತ ತುಸು ಕಡಿಮೆಯೇ ಸಿಗುತ್ತದೆ. ತಿನಿಸು 66ರ ಆಸುಪಾಸು ನಿಲ್ಲಬೇಕಾದರೆ ನಾನು ನೀರನ್ನು 70ಕ್ಕೆ ಇಡುವುದು ಇದೇ ಕಾರಣಕ್ಕೆ.

ಪೆಟ್ಟಿಗೆಯ ಅಳತೆಯನ್ನು ಟ್ರೇಯಿಂದ ಶುರುಮಾಡಿ. ಹೋಟೆಲ್ ಸಾಮಾನಿನ ಅಂಗಡಿಯಲ್ಲಿ 'ಜಿಎನ್ ಪ್ಯಾನ್' ಎಂದು ಸಿಗುವುದು ಗ್ಯಾಸ್ಟ್ರೋನಾರ್ಮ್ ಅಳತೆಯದು, 1964ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜಾರಿಗೆ ಬಂದದ್ದು. ಪೂರ್ಣ ಟ್ರೇ 530 ಮಿಮೀ ಉದ್ದ, 325 ಮಿಮೀ ಅಗಲ. ನಾನು ಒಳಗಿನ ಅಳತೆ ಇಟ್ಟದ್ದು ಅಗಲ 360, ಆಳ 600, ಎತ್ತರ 850 ಮಿಮೀ. 120 ಮಿಮೀ ಅಂತರದಲ್ಲಿ ಐದು ಜೋಡಿ ಹಳಿ. ಅಳತೆ ಮನಸ್ಸಿಗೆ ಬಂದಂತೆ ಹಾಕಿದರೆ ಮುಂದೆ ಟ್ರೇಗಳನ್ನೂ ಪ್ರತಿ ಸಲ ಮಾಡಿಸಬೇಕಾಗುತ್ತದೆ.

ಒಳಗೋಡೆಗೆ 1 ಮಿಮೀ ದಪ್ಪದ ಸ್ಟೇನ್‌ಲೆಸ್ ಸ್ಟೀಲ್, ಅಂದರೆ ಎಸ್‌ಎಸ್ 304 ತಗಡು. ಫ್ಯಾಬ್ರಿಕೇಶನ್ ಅಂಗಡಿಯವರು 202 ದರ್ಜೆಯ ಸ್ಟೀಲ್ ಹಾಕಿ ಕೊಡುತ್ತೇವೆ, ಹೊಳಪು ಅದೇ ಎನ್ನುತ್ತಾರೆ. ಹೊರಗೋಡೆಗೆ ನಡೆಯುತ್ತದೆ, ಒಳಗೆ ಬೇಡ. ಬೋರಿನ ನೀರು, ಉಪ್ಪು, ಪುಂಡಿಪಲ್ಯದ ಹುಳಿ ಸೇರಿದರೆ 202 ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಎರಡು ಗೋಡೆಗಳ ನಡುವೆ 50 ಮಿಮೀ ರಾಕ್‌ವುಲ್ ಹಲಗೆ, ಕಲ್ಲಿನಿಂದ ಮಾಡಿದ ಉಣ್ಣೆಯದು, ಘನ ಮೀಟರಿಗೆ 64 ಕೆಜಿ ಸಾಂದ್ರತೆ. ಒಳಮೈ ವಿಸ್ತೀರ್ಣ ಸುಮಾರು 2 ಚದರ ಮೀಟರ್, ಒಳಗೂ ಹೊರಗೂ 45 ಡಿಗ್ರಿ ಅಂತರ ಹಿಡಿದರೆ ಗೋಡೆಯಿಂದ ಸೋರುವುದು 75 ವ್ಯಾಟ್ ಆಸುಪಾಸು. ಬಾಗಿಲು, ಬೋಲ್ಟು, ಚೌಕಟ್ಟು ಸೇರಿಸಿ ಅದರ ಎರಡರಷ್ಟು ಹಿಡಿಯಿರಿ. ಇಷ್ಟು ಕಡಿಮೆ ಸೋರಿಕೆಗೆ 3 ಕಿಲೋವ್ಯಾಟ್ ಹೀಟರ್ ಯಾಕೆ ಬೇಕು? ನನ್ನದರಲ್ಲಿ ನೀರಿಗೆ 1000, ಗಾಳಿಗೆ 600 ವ್ಯಾಟ್.

ಈಗ ಬಹಳ ಜನ ಎಡವುವ ಜಾಗ. ಒಳಗೋಡೆಯ ಜೋಡಣೆಗಳನ್ನು ರಿವೆಟ್ ಹೊಡೆದು ಮುಗಿಸಬಾರದು. ಹಬೆ ರಿವೆಟಿನ ಸಂದಿಯಿಂದ ನುಸುಳಿ ಉಣ್ಣೆಯೊಳಗೆ ನೀರಾಗುತ್ತದೆ. ನೆನೆದ ರಾಕ್‌ವುಲ್ ಬಿಸಿ ತಡೆಯುವುದಿಲ್ಲ. ಹೊರಗೋಡೆ ಮುಟ್ಟಲಾಗದಷ್ಟು ಕಾಯುತ್ತದೆ, ಕರೆಂಟು ಹೆಚ್ಚು ಉರಿಯುತ್ತದೆ, ಕೆಳಗಿನ ಮೂಲೆಯಿಂದ ಕಂದು ನೀರು ಜಿನುಗುತ್ತದೆ. ನನ್ನ ಮೊದಲ ಪೆಟ್ಟಿಗೆ ಕೆಟ್ಟದ್ದು ಹೀಗೇ. ಒಳಗೂಡು ಪೂರ್ತಿ ಆರ್ಗಾನ್ ವೆಲ್ಡಿಂಗ್ ಆಗಬೇಕು, ಹಳಿಗಳ ಬೋಲ್ಟನ್ನೂ ಹೊರಗಿನಿಂದ ತೂತು ಕೊರೆದು ಕೂರಿಸದೆ ಒಳಗೇ ವೆಲ್ಡ್ ಮಾಡಬೇಕು. ಹೊರಗೂಡಿನ ತಳದಲ್ಲಿ 6 ಮಿಮೀ ತೂತು ಎರಡು ಬಿಡಿ. ಎಲ್ಲಾದರೂ ಸೋರಿದರೆ ಅಲ್ಲಿ ಹನಿ ಕಂಡು ಬೇಗ ಗೊತ್ತಾಗುತ್ತದೆ.

ಒಳಛಾವಣಿಯನ್ನು ಹಿಂದಕ್ಕೆ 10 ಮಿಮೀ ಇಳಿಜಾರು ಮಾಡಿಸಿ. ಛಾವಣಿ ಎಲ್ಲಿ ತಣ್ಣಗಿದೆಯೋ ಅಲ್ಲಿ ಹಬೆ ಹನಿಗಟ್ಟುತ್ತದೆ. ಸಮತಟ್ಟಾಗಿದ್ದರೆ ಆ ಹನಿ ನೇರ ಮೇಲಿನ ರೊಟ್ಟಿಯ ಮೇಲೆ, ಇಳಿಜಾರಿದ್ದರೆ ಹಿಂಗೋಡೆಗುಂಟ ಕೆಳಗಿನ ನೀರಿಗೆ. ಬಾಗಿಲ ಕೆಳಗೂ ಒಂದು ಸಣ್ಣ ದೋಣಿ ಬೇಕು, ಇಲ್ಲದಿದ್ದರೆ ತೆಗೆದಾಗಲೆಲ್ಲ ಬಡಿಸುವವರ ಕಾಲಡಿ ನೀರು. ಬಾಗಿಲ ಪಟ್ಟಿಗೆ ಸಿಲಿಕೋನ್ ಗ್ಯಾಸ್ಕೆಟ್ಟೇ ಆಗಬೇಕು, ಸಾದಾ ರಬ್ಬರು ಈ ಬಿಸಿಗೆ ಬಿರುಕು ಬಿಡುತ್ತದೆ.

ನೀರಿನ ಬಾನಿಗೆ 100 ಮಿಮೀ ಆಳದ ಜಿಎನ್ ಪ್ಯಾನನ್ನೇ ತಳದ ತಗಡಿಗೆ ವೆಲ್ಡ್ ಮಾಡಿಸಿ, ಒಂದು ಮೂಲೆಗೆ ಅರ್ಧ ಇಂಚಿನ ಬಾಲ್ ವಾಲ್ವ್ ಇಟ್ಟೆ. 6 ಲೀಟರ್ ಹಾಕಿದರೆ ಸುಮಾರು 4 ಸೆಂಮೀ ನೀರು ನಿಲ್ಲುತ್ತದೆ. ಹೀಟರನ್ನು ನೀರೊಳಗೆ ಮುಳುಗಿಸದೆ ಬಾನಿಯ ಹೊರಗೆ, ತಳಕ್ಕೆ ಒತ್ತಿ ಕೂರಿಸಿದ್ದೇನೆ. ಕಾರಣ ನಮ್ಮ ನೀರು. ಶಹಾಬಾದ್ ಕಲ್ಲು ಎಂದರೆ ಸುಣ್ಣದ ಕಲ್ಲು, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದೇ ಕಲ್ಲಿನ ಮೇಲೆ. ಅದರೊಳಗಿಂದ ಬರುವ ಬೋರಿನ ನೀರು ಕಾದರೆ ಮುಳುಗು ಕಾಯಿಲಿನ ಸುತ್ತ ಸುಣ್ಣದ ಪದರ ಕಟ್ಟುತ್ತದೆ. ಪದರದೊಳಗೆ ಕಾಯಿಲಿನ ಬಿಸಿ ಹೊರಗೆ ಹೋಗಲಾಗದೆ ಅದು ಸುಟ್ಟೇ ಹೋಗುತ್ತದೆ. ಬಾನಿಯ ಚಪ್ಪಟೆ ತಳದಲ್ಲಾದರೆ ಪದರವನ್ನು ಕಣ್ಣಾರೆ ನೋಡಿ ತೆಗೆಯಬಹುದು.

ಹೊರಗೆ ಕೂರಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಪ್ಯಾನಿನ ತಳ ತೆಳು, ಕಾದಾಗ ಸ್ವಲ್ಪ ಉಬ್ಬುತ್ತದೆ. ಮೈಕಾ ಪ್ಲೇಟ್ ಹೀಟರನ್ನು ನೇರ ಅಂಟಿಸಿದರೆ ನಡುವೆ ಗಾಳಿ ಸಂದಿ ಬಿದ್ದು ಆ ಜಾಗದಲ್ಲಿ ಹೀಟರ್ ಕೆಂಪಾಗಿ ಸುಡುತ್ತದೆ. ಹಾಗಾಗಿ ಪ್ಯಾನಿನ ಕೆಳಗೆ 3 ಮಿಮೀ ಅಲ್ಯೂಮಿನಿಯಂ ತಗಡು, ಅದರ ಕೆಳಗೆ 250 ಮತ್ತು 400 ಮಿಮೀ ಅಳತೆಯ ಮೈಕಾ ಹೀಟರ್, ಅದರ ಕೆಳಗೆ 5 ಮಿಮೀ ಕಬ್ಬಿಣದ ಪ್ಲೇಟು, ಎಲ್ಲವನ್ನೂ ಆರು ಸ್ಟಡ್ಡುಗಳಿಂದ ಬಿಗಿದದ್ದು. ಹತ್ತು ದಿನ ಓಡಿದ ಮೇಲೆ ಒಮ್ಮೆ ಮತ್ತೆ ಬಿಗಿಯಿರಿ. ಈ ಅಳತೆಯಲ್ಲಿ ಚದರ ಸೆಂಮೀಗೆ 1 ವ್ಯಾಟ್ ಮಾತ್ರ ಬೀಳುತ್ತದೆ, ಸುಣ್ಣ ಕಟ್ಟುವುದೂ ನಿಧಾನ.

ಅಲ್ಯೂಮಿನಿಯಂ ತಗಡಿಗೆ 120 ಡಿಗ್ರಿಯ, ಕೈಯಿಂದ ಒತ್ತಿ ಮರುಹೊಂದಿಸುವ ಥರ್ಮಲ್ ಕಟೌಟ್ (ಬಿಸಿ ಮೀರಿದರೆ ಕರೆಂಟು ಕಡಿಯುವ ಸ್ವಿಚ್ಚು) ಹಾಕಿ ಹೀಟರಿನ ಜೊತೆ ಸರಣಿಯಲ್ಲಿ ಸೇರಿಸಿ. ನೀರು ಬತ್ತಿದರೆ ಅದು ಬೀಳುತ್ತದೆ. ನೀರು ಇದ್ದೂ ಬಿದ್ದರೆ ಸುಣ್ಣ ದಪ್ಪವಾಗಿದೆ ಎಂದೇ ಅರ್ಥ. ತಾನಾಗಿ ಮತ್ತೆ ಕೂಡಿಕೊಳ್ಳುವ ಬಗೆಯದು ಬೇಡ, ದೋಷ ಯಾರಿಗೂ ಕಾಣದೆ ಹೀಟರ್ ಸತ್ತಾಗಲೇ ತಿಳಿಯುತ್ತದೆ.

ಸುಣ್ಣ ತೆಗೆಯಲು ಲೀಟರಿಗೆ 20 ಗ್ರಾಂ ಸಿಟ್ರಿಕ್ ಆಮ್ಲದ ಪುಡಿ, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಿಗುತ್ತದೆ. 60 ಡಿಗ್ರಿಗೆ ಕಾಯಿಸಿ 40 ನಿಮಿಷ ಬಿಡಿ, ಕುದಿಸಬೇಡಿ. ಕುದಿದರೆ ಕರಗಿದ ಸುಣ್ಣ ಸಿಟ್ರೇಟ್ ಆಗಿ ಮತ್ತೆ ತಳಕ್ಕೆ ಕೂರುತ್ತದೆ. ಬಚ್ಚಲು ತೊಳೆಯುವ ಆಸಿಡ್ ಖಂಡಿತ ಬೇಡ, ಅದರ ಕ್ಲೋರೈಡ್ ಸ್ಟೀಲಿಗೆ ಸೂಜಿಮೊನೆಯಂಥ ತೂತು ಕೊರೆಯುತ್ತದೆ. ಬೋರಿನ ನೀರಾದರೆ ಹದಿನೈದು ದಿನಕ್ಕೊಮ್ಮೆ, ಆರ್‌ಓ ನೀರಾದರೆ ಎರಡು ಮೂರು ತಿಂಗಳಿಗೊಮ್ಮೆ ಸಾಕು. ಆರ್‌ಓ ನೀರು ಹಾಕುವವರು ನೀರಿನ ಮಟ್ಟ ಅರಿಯಲು ತೇಲುವ ಫ್ಲೋಟ್ ಸ್ವಿಚ್ಚನ್ನೇ ಬಳಸಬೇಕು. ಕಡ್ಡಿ ಮುಳುಗಿಸುವ ಪ್ರೋಬು ನೀರಿನ ಲವಣದಿಂದ ಕೆಲಸ ಮಾಡುವಂಥದ್ದು, ಶುದ್ಧ ನೀರಿನಲ್ಲಿ ನೀರೇ ಇಲ್ಲವೆಂದು ತಿಳಿಯುತ್ತದೆ.

ಗಾಳಿಯ ಹೀಟರ್ ರೆಕ್ಕೆ ಇರುವ ಕೊಳವೆಯಾಕಾರದ್ದು, ಹಿಂಗೋಡೆಗೆ ನಿಲ್ಲಿಸಿ ಮುಂದೆ ತೂತಿನ ತಗಡು ಕೊಟ್ಟಿದ್ದೇನೆ. ಫ್ಯಾನ್ ಇಲ್ಲದೆ ನೋಡಿದಾಗ ಮೇಲಿನ ಹಳಿಗೂ ಕೆಳಗಿನದಕ್ಕೂ 10ರಿಂದ 12 ಡಿಗ್ರಿ ವ್ಯತ್ಯಾಸ. ಸಣ್ಣ ಫ್ಯಾನ್ ಹಾಕಿದ ಮೇಲೆ 3 ಡಿಗ್ರಿ. ಮೋಟಾರು ಪೆಟ್ಟಿಗೆಯ ಹೊರಗಿರಬೇಕು, ಉದ್ದ ಶಾಫ್ಟು ಮಾತ್ರ ಒಳಗೆ. ಒಳಗಿಟ್ಟ ಮೋಟಾರಿನ ಬೇರಿಂಗ್ ಹಬೆಗೆ ಬಾಳುವುದಿಲ್ಲ. ಗಾಳಿ ಮುಖಕ್ಕೆ ಬಡಿಯುವಷ್ಟು ವೇಗವಿದ್ದರೆ ಎಷ್ಟು ಆರ್ದ್ರತೆಯಿದ್ದರೂ ರೊಟ್ಟಿಯ ಅಂಚು ಒಣಗುತ್ತದೆ.

ಎರಡು ಉಷ್ಣತಾ ಕಂಟ್ರೋಲರ್, ಬಿಸಿ ಅಳೆಯುವ ಎರಡು ಪಿಟಿ 100 ಸೆನ್ಸರ್, ಹೀಟರನ್ನು ಹಚ್ಚಿ ಆರಿಸುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳಾದ ಎರಡು ಎಸ್‌ಎಸ್‌ಆರ್. ಇವನ್ನು ಹೈದರಾಬಾದಿನಿಂದ ತರಿಸುವುದೇ ಸಲೀಸು. ಗಾಳಿಯ ಸೆನ್ಸರ್ ಹೀಟರಿನ ಮುಂದಿರದೆ ಗಾಳಿ ಮರಳಿ ಫ್ಯಾನಿಗೆ ಬರುವ ಕಡೆ ಇರಲಿ. ಒಟ್ಟು 1600 ವ್ಯಾಟ್, 230 ವೋಲ್ಟಿಗೆ 7 ಆಂಪಿಯರ್. 2.5 ಚದರ ಮಿಮೀ ವೈರು, 16 ಆಂಪಿಯರ್ ಪ್ಲಗ್ಗು, ಒಳ್ಳೆ ಅರ್ತಿಂಗ್, ಕರೆಂಟು ಸೋರಿದ ಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ನೀರು ಮತ್ತು ಕರೆಂಟು ಒಟ್ಟಿಗಿರುವ ಜಾಗದಲ್ಲಿ ಈ ಕೊನೆಯದನ್ನು ಬಿಡುವಂತೆಯೇ ಇಲ್ಲ. ವೋಲ್ಟೇಜ್ 190ಕ್ಕೆ ಕುಸಿದರೆ ಹೀಟರಿನ ಶಕ್ತಿ ವರ್ಗದ ಲೆಕ್ಕದಲ್ಲಿ ಇಳಿದು 1600 ವ್ಯಾಟಿನದು 1100ರ ಹತ್ತಿರ ಬರುತ್ತದೆ. ಹಾಗಾಗಿ ಊಟದ ಹೊತ್ತಿಗೆ ಒಂದು ತಾಸು ಮೊದಲೇ ಹಾಕುವುದು ಒಳ್ಳೆಯದು, ಸರಿಯಾದ ವೋಲ್ಟೇಜಿನಲ್ಲಿ ಅರ್ಧ ತಾಸು ಸಾಕು.

ರೊಟ್ಟಿಯನ್ನು ಹಂಚಿನಿಂದ ನೇರ ಪೆಟ್ಟಿಗೆಗೆ ಇಡಬಾರದು. ಬಿದಿರು ಬುಟ್ಟಿಯ ಮೇಲೆ ಒಂದೆರಡು ನಿಮಿಷ ಬಿಟ್ಟು ಮೊದಲ ಹಬೆ ಹೋಗಲಿ, ಇಲ್ಲದಿದ್ದರೆ ಒಂದರ ಮೇಲೊಂದು ಬೆವರಿ ಅಂಟುತ್ತವೆ. ಆಮೇಲೆ ತೂತಿನ ಟ್ರೇಯಲ್ಲಿ ತೆಳು ಹತ್ತಿ ಬಟ್ಟೆ ಹಾಸಿ, 15 ರೊಟ್ಟಿಯ ಗಂಟು ಮಾಡಿ ಇಡಿ. ನೀರು 70, ಗಾಳಿ 73. ಎರಡು ತಾಸು ಮಡಚಿದರೂ ಮುರಿಯುವುದಿಲ್ಲ, ಎರಡೂವರೆ ದಾಟಿದ ಮೇಲೆ ಜೋಳದ ವಾಸನೆ ಮಂಕಾಗುತ್ತದೆ. ಕಡಕ್ ರೊಟ್ಟಿಗೆ ಈ ಪೆಟ್ಟಿಗೆಯೇ ಬೇಡ. ಎಣ್ಣೆಗಾಯಿ, ಪುಂಡಿಪಲ್ಯ ಇದೇ ಉಷ್ಣತೆಯಲ್ಲಿ ಮುಚ್ಚಳ ಹಾಕಿ ಇರಲಿ, ಆದರೆ ಪುಂಡಿಪಲ್ಯಕ್ಕೆ ಅಲ್ಯೂಮಿನಿಯಂ ಪಾತ್ರೆ ಬೇಡ. ಮಿರ್ಚಿ ಭಜಿಗೆ ಗಾಳಿಯನ್ನು 90ಕ್ಕೆ ಏರಿಸಿ ಹಬೆ ಹೊರಬಿಡುವ ಮೇಲಿನ ಕಿಂಡಿ ತೆರೆಯಬೇಕು. ಅಂದರೆ ರೊಟ್ಟಿಯೂ ಭಜಿಯೂ ಒಂದೇ ಪೆಟ್ಟಿಗೆಯಲ್ಲಿ ಇರಲಾರವು. ಒಂದರಲ್ಲೇ ಎರಡನ್ನೂ ಮಾಡಲು ಹೋದವರು ಎರಡನ್ನೂ ಕೆಡಿಸುತ್ತಾರೆ.

ಅನ್ನ, ಬ್ಯಾಳಿಯ ವಿಷಯದಲ್ಲಿ ರುಚಿಗಿಂತ ದೊಡ್ಡ ಮಾತಿದೆ. ಬಿಸಿ ಆಹಾರ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಎಂಬುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಅನ್ನದಲ್ಲಿ ಬೆಸಿಲಸ್ ಸೀರಿಯಸ್‌ನ ಬೀಜಾಣು ಬೇಯಿಸಿದರೂ ಸಾಯದೆ ಉಳಿದಿರುತ್ತದೆ. ಉಗುರುಬೆಚ್ಚಗೆ ಬಿಟ್ಟರೆ ಬೆಳೆದು ವಾಂತಿ ತರಿಸುವ ವಿಷ ಮಾಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅದಕ್ಕೇ ಈ ಪೆಟ್ಟಿಗೆ ಬಿಸಿ ಹಿಡಿಯಲು ಮಾತ್ರ, ಬಿಸಿ ಮಾಡಲು ಅಲ್ಲ. ತಣ್ಣಗಿನ 10 ಕೆಜಿ ಬ್ಯಾಳಿ ಇಟ್ಟರೆ ಅದು ತಾಸುಗಟ್ಟಲೆ 40–50 ಡಿಗ್ರಿಯ ನಡುವೆ ತೆವಳುತ್ತದೆ, ರೋಗಾಣುಗಳಿಗೆ ಬೇಕಾದದ್ದೂ ಅದೇ. ಒಲೆಯ ಮೇಲೆ 75 ದಾಟಿಸಿಯೇ ಒಳಗಿಡಿ, ಆಳದ ಪಾತ್ರೆ ಬಿಟ್ಟು 65 ಮಿಮೀ ಟ್ರೇಯಲ್ಲಿ.

ಮಾಪಕವನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ. ಪುಡಿ ಮಂಜುಗಡ್ಡೆಯ ನೀರಿನಲ್ಲಿ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಹುಡುಕಬೇಡಿ. ಕಲಬುರಗಿ ಸಮುದ್ರಮಟ್ಟದಿಂದ 450 ಮೀಟರ್ ಆಸುಪಾಸಿನಲ್ಲಿದೆ, ಇಲ್ಲಿ ನೀರು ಕುದಿಯುವುದು ಸುಮಾರು 98.5ಕ್ಕೆ. ಬೀದರ್ ಇನ್ನೂ ಎತ್ತರ, ಅಲ್ಲಿ 98ಕ್ಕಿಂತ ತುಸು ಕಡಿಮೆ. ಇದನ್ನು ತಿಳಿಯದೆ 100ಕ್ಕೆ ಹೊಂದಿಸಿದರೆ ಮಾಪಕ ಒಂದೂವರೆ ಎರಡು ಡಿಗ್ರಿ ಸುಳ್ಳು ಹೇಳುತ್ತದೆ.

ಕರೆಂಟು ಹೋದರೆ ಬಾಗಿಲು ತೆಗೆಯಬೇಡಿ. ಐದೂ ಟ್ರೇ ತುಂಬಿದ್ದರೆ ಕೆಳಗಿನ ನೀರು ಮತ್ತು ಅಡುಗೆಯ ಬಿಸಿಯೇ ಮುಕ್ಕಾಲು ತಾಸು 60ರ ಮೇಲೆ ಹಿಡಿಯುತ್ತದೆ, ಅರ್ಧ ಖಾಲಿಯಿದ್ದರೆ ಅಷ್ಟು ಹೊತ್ತು ನಂಬಬೇಡಿ. ಶರಣಬಸವೇಶ್ವರ ಜಾತ್ರೆಯಂಥ ಜನದಟ್ಟಣೆಯ ದಿನ ಬಾಗಿಲು ನಿಮಿಷಕ್ಕೊಮ್ಮೆ ತೆರೆಯುತ್ತದೆ. ಆಗ ನೀರು ತಾಸಿಗೆ ಅರ್ಧ ಲೀಟರಿಗಿಂತ ಹೆಚ್ಚೇ ಆವಿಯಾಗುತ್ತದೆ. ಮೇಲಿನಿಂದ ಸುರಿಯುವುದು ಬಿಸಿನೀರೇ ಆಗಿರಲಿ, ತಣ್ಣೀರು ಸುರಿದರೆ ಹಬೆ ನಿಂತು ರೊಟ್ಟಿ ಒಣಗುತ್ತದೆ.

ರಾತ್ರಿ ವಾಲ್ವ್ ತೆರೆದು ನೀರು ಬಸಿದು, ಒರೆಸಿ, ಬಾಗಿಲು ಅರೆತೆರೆದು ಬಿಡಿ. ಎರಡು ಮೂರು ತಿಂಗಳು ಬಳಸದೆ ಇಟ್ಟ ಪೆಟ್ಟಿಗೆ ಹಚ್ಚಿದ ಕೂಡಲೇ ಆರ್‌ಸಿಸಿಬಿ ಬಿದ್ದರೆ ಹೀಟರ್ ಸುಟ್ಟಿದೆ ಎಂದು ಎಸೆಯಬೇಡಿ. ಗಾಳಿ ಹೀಟರಿನ ಕೊಳವೆಯೊಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿರುತ್ತದೆ. ಕಳಚಿ, ಓವನ್ನಿನಲ್ಲಿ 100 ಡಿಗ್ರಿ ದಾಟಿಸಿ ನಾಲ್ಕೈದು ತಾಸು ಒಣಗಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮಾಪಕ) ಹಾಕಿಸಿ ನೋಡಿ. 1 ಮೆಗಾಓಮ್ ದಾಟಿದ್ದರೆ ಮತ್ತೆ ಜೋಡಿಸಬಹುದು.