ವೇರ್‌ಹೌಸ್ ಶಿಫ್ಟಿನ ನಡುವೆ ಇಂಜಿನಿಯರ್ ಆಗಿ ಉಳಿದದ್ದು

ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿ ಒಂಟಾರಿಯೊ ಪ್ರಾಂತ್ಯದ ಬ್ರ್ಯಾಂಪ್ಟನ್ನಿಗೆ ಬಂದಾಗ ನನ್ನ ಕೈಯಲ್ಲಿದ್ದದ್ದು ಬೆಳಗಾವಿಯ ಫೌಂಡ್ರಿಗಳಲ್ಲಿ, ಅಂದರೆ ಲೋಹ ಎರಕ ಹೊಯ್ಯುವ ಕಾರ್ಖಾನೆಗಳಲ್ಲಿ, ದುಡಿದ ಅನುಭವ. ಅಂಕ ನೋಡಿ ವಲಸಿಗರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಅಂಕ ತಂದುಕೊಟ್ಟದ್ದೂ ಅದೇ. ಸಂದರ್ಶನಗಳಲ್ಲಿ ಮಾತ್ರ ‘ಕೆನಡಾದ ಅನುಭವ ಇದೆಯಾ?’ ಎಂಬುದೇ ಮೊದಲ ಪ್ರಶ್ನೆ. ಮನೆ ಬಾಡಿಗೆ ಕಾಯುವುದಿಲ್ಲವಲ್ಲ, ತಾತ್ಕಾಲಿಕ ಕೆಲಸಗಾರರನ್ನು ಒದಗಿಸುವ ಏಜೆನ್ಸಿಯೊಂದರ ಮೂಲಕ ವೇರ್‌ಹೌಸ್ ಸೇರಿದೆ.

ಪೆಟ್ಟಿಗೆ ಎತ್ತುವುದು ಮೈಗೆ ಒಗ್ಗಿತು. ನಾಳೆ ಶಿಫ್ಟ್ ಇದೆಯೋ ಇಲ್ಲವೋ ಎಂದು ಸಂಜೆಯ ಮೆಸೇಜಿಗೆ ಕಾಯುವುದು ಒಗ್ಗಲಿಲ್ಲ. ನಿದ್ದೆ ಕೆಟ್ಟಿತು. ಮನೆಯಲ್ಲಿ ಮಾತು ಕಡಿಮೆಯಾಯಿತು. ಇದು ಮನಸ್ಸು ಗಟ್ಟಿ ಮಾಡಿಕೊಂಡರೆ ಹೋಗುವ ಕಾಯಿಲೆಯಲ್ಲ, ಕೆಲಸ ಕೊಡುವ ರೀತಿಯಿಂದಲೇ ಬರುವಂಥದ್ದು ಎಂದು ನಾನು ಈಗಲೂ ನಂಬುತ್ತೇನೆ.

ಮೊದಲು ಮಾಡಿದ್ದು ಕಾನೂನು ಓದಿದ್ದು. ಒಂಟಾರಿಯೊದ ಎಂಪ್ಲಾಯ್‌ಮೆಂಟ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್ ಪ್ರಕಾರ ಏಜೆನ್ಸಿಯೇ ನಮ್ಮ ಮಾಲೀಕ. ಕೆಲಸ ಕೊಡಿಸಿದ್ದಕ್ಕೆ ನಮ್ಮಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ದಿನವೂ 3 ಗಂಟೆಗಿಂತ ಹೆಚ್ಚು ದುಡಿಯುವವರನ್ನು ಕರೆಸಿಕೊಂಡು ಬೇಗ ವಾಪಸ್ ಕಳಿಸಿದರೆ ಸಾಮಾನ್ಯವಾಗಿ 3 ಗಂಟೆಯ ಸಂಬಳ ಕೊಡಲೇಬೇಕು. ಬಾಕಿ ಉಳಿಸಿಕೊಂಡರೆ 2 ವರ್ಷದೊಳಗೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ಬಂದ ಹೊತ್ತು, ಹೋದ ಹೊತ್ತು ಬರೆದಿಡತೊಡಗಿದೆ. ಬೇಗ ಕಳಿಸಿದ ಒಂದು ದಿನದ ಹಣ ಬಂದಿರಲಿಲ್ಲ. ಇಮೇಲಿನಲ್ಲಿ ಕೇಳಿದೆ, ಮುಂದಿನ ಸಂಬಳದಲ್ಲಿ ಸೇರಿಸಿದರು. ಮೊತ್ತ ಚಿಕ್ಕದು, ಆದರೆ ಕೇಳಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದ.

ಆಮೇಲೆ ಹೆಂಡತಿಯೇ ಹೇಳಿದಳು: ‘ರೀ, ವಾರದಲ್ಲಿ ಎರಡು ದಿನ ಬರೋದಿಲ್ಲ ಅಂತ ಏಜೆನ್ಸಿಗೆ ಮೊದಲೇ ತಿಳಿಸಿಬಿಡಿ. ಖರ್ಚು ಹೇಗೋ ತೂಗಿಸೋಣ.’ ಆ ಎರಡು ದಿನ ಇಂಜಿನಿಯರ್ ಲೈಸೆನ್ಸಿನ ತಯಾರಿಗೆ ಮೀಸಲಿಟ್ಟೆ. ಒಂದು ವರ್ಷದ ಕೆನಡಾ ಅನುಭವ ಬೇಕೆಂಬ ನಿಯಮವನ್ನು ಆ ಲೈಸೆನ್ಸ್ ಕೊಡುವ ಸಂಸ್ಥೆಯಾದ ಪ್ರೊಫೆಷನಲ್ ಇಂಜಿನಿಯರ್ಸ್ ಒಂಟಾರಿಯೊ 2023ರ ಮೇ ತಿಂಗಳಲ್ಲಿ ತೆಗೆದುಹಾಕಿತು. ಈಗ 34 ಸಾಮರ್ಥ್ಯಗಳಿಗೆ ನಾವು ಮಾಡಿದ ಕೆಲಸದಿಂದಲೇ ಉದಾಹರಣೆ ಬರೆಯಬೇಕು, ಆ ಕೆಲಸ ಬಲ್ಲವರು ದೃಢೀಕರಿಸಬೇಕು. ಎರಕ ಆರುವಾಗ ಒಳಗೆ ಟೊಳ್ಳು ಬೀಳುತ್ತಿದ್ದದ್ದನ್ನು ರೈಸರಿನ (ಆರುವಾಗ ಕುಗ್ಗುವ ಎರಕಕ್ಕೆ ಹೆಚ್ಚಿನ ಲೋಹ ಒದಗಿಸುವ ಅಚ್ಚಿನ ಭಾಗ) ಜಾಗ ಬದಲಿಸಿ ತಡೆದದ್ದನ್ನು ಬರೆಯಲು ಕೂತೆ; ಅಚ್ಚಿನ ಅಳತೆ, ಲೋಹದ ಬಿಸಿ, ತಿರಸ್ಕೃತ ತುಂಡುಗಳ ಲೆಕ್ಕ ಎಲ್ಲ ನೆನಪಿಗೆ ಬಂತು. ಬೆಳಗಾವಿಯ ನಮ್ಮ ಹಳೆಯ ಸಾಹೇಬರಿಗೆ ಫೋನ್ ಮಾಡಿದರೆ, ‘ಏ, ಅದು ನಿನ್ನ ಕೆಲಸಾನ ಹೌದಲ್ಲೋ, ಕಳಸು, ಸಹಿ ಮಾಡ್ತೀನಿ’ ಅಂದರು. ಯಾವ ಕೌನ್ಸೆಲಿಂಗೂ ನನಗೆ ಅಷ್ಟು ಬಲ ಕೊಟ್ಟಿರಲಿಲ್ಲ.

ಈಗ ಗ್ವೆಲ್ಫ್ ಕಡೆ ಎರಕದ ಬಿಡಿಭಾಗಗಳ ಗುಣಮಟ್ಟ ತಪಾಸಣೆ ಮಾಡುತ್ತೇನೆ. ಇದೂ ಗುತ್ತಿಗೆಯ ಕೆಲಸವೇ. ಶಿಫ್ಟ್ ಪಟ್ಟಿ ಮಾತ್ರ ತಿಂಗಳ ಮೊದಲೇ ಕೈಗೆ ಬರುತ್ತದೆ. ವೃತ್ತಿನೀತಿ ಮತ್ತು ಕಾನೂನಿನ ಪರೀಕ್ಷೆಗೆ ಓದುತ್ತಿದ್ದೇನೆ.