ಈಕ್ವಟೋರಿಯಲ್ ಗಿನಿಗೆ ದುಡಿಯಲು ಹೋಗುವ ನಮ್ಮ ಭಾಗದವರಿಗೆ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ, ಗಿಣಿಗೇರಿಯ ಘಟಕಗಳಲ್ಲೋ ಪಳಗಿದ ವೆಲ್ಡರ್, ಫಿಟ್ಟರ್, ಎಲೆಕ್ಟ್ರೀಷಿಯನ್‌ಗಳಿಗೆ ಮಧ್ಯ ಆಫ್ರಿಕಾದ ಪುಟ್ಟ ತೈಲ ರಾಷ್ಟ್ರವಾದ ಈಕ್ವಟೋರಿಯಲ್ ಗಿನಿಯಲ್ಲಿ ಕೆಲಸ ಒದಗಿದರೆ, ಸಂಬಳದ ಅಂಕಿಯ ಜೊತೆಗೆ ಆ ದೇಶ ಹೇಗೆ ನಡೆಯುತ್ತದೆ ಎಂಬುದನ್ನೂ ಅವರು ಹೊರಡುವ ಮೊದಲೇ ತಿಳಿದಿರಬೇಕು.

1968ರಲ್ಲಿ ಸ್ಪೇನ್‌ನಿಂದ ಸ್ವತಂತ್ರವಾದ ಈ ದೇಶವನ್ನು ಟೆಯೊಡೊರೊ ಒಬಿಯಾಂಗ್ ಅವರು 1979ರ ಆಗಸ್ಟ್ 3ರಂದು ತಮ್ಮ ಸಂಬಂಧಿಯೇ ಆಗಿದ್ದ ಮೊದಲ ಅಧ್ಯಕ್ಷರನ್ನು ಸೈನಿಕ ದಂಗೆಯಿಂದ ಕೆಳಗಿಳಿಸಿ ಕೈವಶ ಮಾಡಿಕೊಂಡರು. ಅವರ ಮಗ ಉಪಾಧ್ಯಕ್ಷ. 2022ರ ನವೆಂಬರ್ ಚುನಾವಣೆಯಲ್ಲಿ ಕೆಳಮನೆಯ 100 ಸ್ಥಾನಗಳೂ ಆಳುವ ಪಕ್ಷಕ್ಕೇ ಬಂದವೆಂದು ಘೋಷಿಸಲಾಯಿತು. 1990ರ ದಶಕದಲ್ಲಿ ಸಿಕ್ಕ ತೈಲದ ಹಣ ಎಲ್ಲಿಗೆ ಹೋಯಿತೆಂಬುದಕ್ಕೆ ಒಂದು ಉತ್ತರ ಪ್ಯಾರಿಸ್‌ನಲ್ಲಿದೆ: ಅಲ್ಲಿನ ನ್ಯಾಯಾಲಯ 2017ರಲ್ಲಿ ಉಪಾಧ್ಯಕ್ಷರನ್ನು ಸಾರ್ವಜನಿಕ ಹಣದ ದುರ್ಬಳಕೆಯ ಪ್ರಕರಣದಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಿ, ಅವರ ಆಸ್ತಿಯನ್ನು ಮುಟ್ಟುಗೋಲು ಹಾಕಲು ಆದೇಶಿಸಿತು.

ಲಂಚ ನಮಗೆ ಹೊಸದಲ್ಲ ಎಂದು ಬಳ್ಳಾರಿಯವರು ಹೇಳಿಯಾರು. ಆದರೆ ಗಣಿ ಅಕ್ರಮ ಮಿತಿಮೀರಿದಾಗ 2011ರಲ್ಲಿ ಲೋಕಾಯುಕ್ತ ವರದಿ ಹೊರಬಂದಿತು, ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು, ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಎಷ್ಟೇ ತಡವಾದರೂ ದೂರು ಒಯ್ಯಲು ನಮಗೊಂದು ಬಾಗಿಲಿತ್ತು. ಈಕ್ವಟೋರಿಯಲ್ ಗಿನಿಯ ಸಂವಿಧಾನ ಅಧ್ಯಕ್ಷರನ್ನೇ ದೇಶದ ಪ್ರಥಮ ನ್ಯಾಯಾಧಿಪತಿ ಎಂದು ಕರೆಯುತ್ತದೆ. ನಿಮ್ಮನ್ನು ತಡೆದ ಪೊಲೀಸರು, ವಿಚಾರಿಸುವ ನ್ಯಾಯಾಧೀಶರು, ಕೊನೆಗೆ ಕ್ಷಮಾದಾನ ಕೊಡುವವರು, ಎಲ್ಲರೂ ಒಂದೇ ಅಧಿಕಾರದ ಕೆಳಗಿದ್ದಾರೆ. ಆದ್ದರಿಂದ ಅಲ್ಲಿ ತಪ್ಪು ಮಾಡದಿರುವುದೊಂದೇ ರಕ್ಷಣೆಯಲ್ಲ. ನಿಮಗೆ ಸಂಬಂಧವೇ ಇಲ್ಲದ ಜಗಳದಲ್ಲಿ ನೀವು ಒತ್ತೆಯಾಳಾಗಬಹುದು.

ಇದು ಬರಿಯ ಊಹೆಯಲ್ಲ. 2023ರ ಫೆಬ್ರುವರಿಯಲ್ಲಿ, ದಕ್ಷಿಣ ಆಫ್ರಿಕಾದ ನ್ಯಾಯಾಲಯದ ಆದೇಶದಂತೆ ಕೇಪ್‌ಟೌನ್‌ನಲ್ಲಿ ಉಪಾಧ್ಯಕ್ಷರ ವಿಲಾಸಿ ನೌಕೆಯನ್ನು ವಶಕ್ಕೆ ಪಡೆದ ಕೆಲವೇ ದಿನಗಳಲ್ಲಿ, ತೈಲ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ದಕ್ಷಿಣ ಆಫ್ರಿಕಾದ ಇಬ್ಬರು ಎಂಜಿನಿಯರುಗಳನ್ನು ಈಕ್ವಟೋರಿಯಲ್ ಗಿನಿಯಲ್ಲಿ ಮಾದಕ ವಸ್ತುವಿನ ಆರೋಪದ ಮೇಲೆ ಬಂಧಿಸಲಾಯಿತು. ತಲಾ 12 ವರ್ಷಗಳ ಶಿಕ್ಷೆಯೂ ಆಯಿತು. ವಿಶ್ವಸಂಸ್ಥೆಯ ತಜ್ಞರ ಸಮಿತಿ ಅದನ್ನು ನಿರಂಕುಶ ಬಂಧನವೆಂದು ಕರೆದರೂ ಅವರು ಮನೆ ಸೇರಿದ್ದು 2025ರಲ್ಲಿ, ಅಧ್ಯಕ್ಷರ ಕ್ಷಮಾದಾನದಿಂದ. ಭಾರತೀಯರ ಅನುಭವವೂ ಇದೆ. 2022ರ ಆಗಸ್ಟ್‌ನಲ್ಲಿ ‘ಹೀರೋಯಿಕ್ ಇಡುನ್’ ಎಂಬ ತೈಲ ಹಡಗನ್ನು ಅಲ್ಲಿನ ನೌಕಾಪಡೆ ತಡೆದಾಗ ಅದರ 26 ಸಿಬ್ಬಂದಿಯಲ್ಲಿ 16 ಮಂದಿ ನಮ್ಮ ದೇಶದವರಿದ್ದರು. ಕಂಪನಿ ದಂಡ ಕಟ್ಟಿದ ಮೇಲೂ ಅವರನ್ನು ಬಿಡದೆ ನವೆಂಬರ್‌ನಲ್ಲಿ ನೈಜೀರಿಯಾಕ್ಕೆ ಒಪ್ಪಿಸಲಾಯಿತು, ಬಿಡುಗಡೆಯಾದದ್ದು ಮರುವರ್ಷ. ದುಡ್ಡು ಬಿಸಾಕಿದರೆ ಎಲ್ಲವೂ ಬಗೆಹರಿಯುತ್ತದೆ ಎಂದು ನಂಬಿರುವವರು ಈ ಪ್ರಕರಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹೊರಡುವ ಮುನ್ನ ಒಂದು ಮಾತು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಬೇಕಾಗುವ ವಲಸೆ ಅನುಮತಿ 18 ದೇಶಗಳಿಗೆ ಮಾತ್ರ ಅನ್ವಯಿಸುತ್ತದೆ. ಈಕ್ವಟೋರಿಯಲ್ ಗಿನಿ ಆ ಪಟ್ಟಿಯಲ್ಲಿಲ್ಲ. ಸೌದಿಗೋ ಕುವೈತಿಗೋ ಹೋಗುವವರ ಕರಾರನ್ನು ಸರ್ಕಾರಿ ಕಚೇರಿಯೊಂದು ನೋಡುವಂತೆ ನಿಮ್ಮದನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಏಜೆಂಟರು ನೋಂದಾಯಿತರೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೀವೇ ನೋಡಿಕೊಳ್ಳಿ. ಅವರು ಕೇಳಬಹುದಾದ ಸೇವಾ ಶುಲ್ಕದ ಮಿತಿ ₹30,000 ಮತ್ತು ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿದರೆ, ಅದಕ್ಕಾಗಿ ಹೊಲ ಅಡವಿಡಬೇಡಿ. ಅಲ್ಲಿ ಆಡಳಿತ ನಡೆಯುವುದು ಸ್ಪ್ಯಾನಿಷ್‌ನಲ್ಲಿ. ಆ ಭಾಷೆಯ ಕರಾರಿಗೆ ಅನುವಾದ ಓದದೆ ಸಹಿ ಹಾಕಬೇಡಿ. ಸಂಬಳದ ಬಹುಭಾಗ ಭಾರತದ ನಿಮ್ಮ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಬ್ಯಾಂಕ್ ಖಾತೆಗೇ ಬರುವಂತೆ ಕರಾರಿನಲ್ಲಿ ಬರೆಸಿ, ಏಕೆಂದರೆ ಅಲ್ಲಿನ ನಾಣ್ಯವಾದ ಸಿಎಫ್‌ಎ ಫ್ರಾಂಕನ್ನು ಹೊರಗೆ ಕಳಿಸಲು ಬ್ಯಾಂಕಿನ ಕಟ್ಟುಪಾಡುಗಳಿವೆ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಹೋಗುವಾಗಲೂ ಬರುವಾಗಲೂ ಬೇಕು.

ಮಲಾಬೊ ಅಥವಾ ಬಾಟಾ ನಗರದಲ್ಲಿ ನೆಲೆಸಿದ ಮೇಲೆ ನಿಮ್ಮನ್ನು ಕಾಪಾಡುವುದು ಕಾಗದಪತ್ರ ಮತ್ತು ಮೌನ. ನಿವಾಸ ಪರವಾನಗಿಗೆಂದು ಕಂಪನಿಯವರು ಪಾಸ್‌ಪೋರ್ಟ್ ಪಡೆದರೆ ಸ್ವೀಕೃತಿ ಪತ್ರವನ್ನೂ ದೃಢೀಕರಿಸಿದ ಪ್ರತಿಯನ್ನೂ ಕೇಳಿ ಪಡೆಯಿರಿ. ಪರವಾನಗಿಯ ಅವಧಿ ಮುಗಿಯುವ ದಿನವನ್ನು ಕಂಪನಿಯ ಗುಮಾಸ್ತರಿಗೆ ಬಿಡದೆ ನೀವೇ ಗಮನಿಸಿ. ದಾರಿಯಲ್ಲಿ ಪೊಲೀಸರೂ ಸೈನಿಕರೂ ವಾಹನ ತಡೆದು ಹಣ ಕೇಳುವುದುಂಟು. ಆಗ ವಾದಕ್ಕಿಳಿಯದೆ, ಕಾಗದ ತೋರಿಸಿ, ದಂಡವೆಂದರೆ ರಸೀದಿ ಕೇಳಿ, ಕಂಪನಿಯ ಸ್ಥಳೀಯ ಅಧಿಕಾರಿಗೆ ಫೋನ್ ಮಾಡಿ. ಅಧ್ಯಕ್ಷರ ಅರಮನೆ, ಬಂದರು, ವಿಮಾನ ನಿಲ್ದಾಣ, ಸೈನಿಕರು, ಇವುಗಳ ಚಿತ್ರ ತೆಗೆಯಲೇಬೇಡಿ. ಊರಿನವರಿಗೆ ತೋರಿಸಲೆಂದು ಕ್ಲಿಕ್ಕಿಸಿದ ಒಂದು ಫೋಟೊ ಬಂಧನಕ್ಕೆ ಸಾಕು. ಫೋನಿನಲ್ಲಿ ಆಳುವ ಕುಟುಂಬದ ಬಗ್ಗೆ ಬಂದ ಸಂದೇಶವನ್ನು ಮುಂದೆ ಕಳಿಸಬೇಡಿ. 2024ರಲ್ಲಿ ಅನ್ನೊಬೋನ್ ದ್ವೀಪದ ಜನ ಬಂಡೆ ಸಿಡಿಸುವುದರಿಂದ ಆದ ಹಾನಿಯ ಬಗ್ಗೆ ದೂರು ಕೊಟ್ಟಾಗ ಹಲವರನ್ನು ಬಂಧಿಸಿ, ಇಡೀ ದ್ವೀಪದ ಇಂಟರ್ನೆಟ್ಟನ್ನೇ ಕಡಿದು ಹಾಕಿದರು. ನಿಮ್ಮ ಜೊತೆ ದುಡಿಯುವ ಸ್ಥಳೀಯರು ರಾಜಕೀಯ ಮಾತನಾಡದಿದ್ದರೆ ಅದನ್ನು ಹೇಡಿತನವೆಂದು ತಿಳಿಯಬಾರದು. ನೀವು ಒಂದು ದಿನ ವಿಮಾನ ಹತ್ತಿ ಬರುವಿರಿ, ಅವರು ಅಲ್ಲಿಯೇ ಬದುಕಬೇಕು. ಅವರನ್ನು ಆ ಮಾತಿಗೆ ಎಳೆಯುವುದು ಅನ್ಯಾಯ.

ಬಂಧನವಾದರೆ ಮೊದಲು ಹೇಳಬೇಕಾದ್ದು, ಭಾರತದ ರಾಯಭಾರ ಕಚೇರಿಗೆ ತಿಳಿಸಿ ಎಂಬುದು. 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿ ಈ ಹಕ್ಕನ್ನು ಕೊಡುತ್ತದೆ, ಮತ್ತು ಮಲಾಬೊದಲ್ಲಿಯೇ ನಮ್ಮ ರಾಯಭಾರ ಕಚೇರಿ ಇದೆ. ಅರ್ಥವಾಗದ ಭಾಷೆಯ ಹೇಳಿಕೆಗೆ ಸಹಿ ಹಾಕಬೇಡಿ.

ಊರಿನಲ್ಲಿರುವವರ ಕೆಲಸವೂ ಇಷ್ಟೇ ಮುಖ್ಯ. ಪಾಸ್‌ಪೋರ್ಟ್, ಕರಾರು, ವೀಸಾ ಪ್ರತಿಗಳು, ಕಂಪನಿಯ ವಿಳಾಸ, ಜೊತೆಗಾರರೊಬ್ಬರ ಫೋನ್ ಸಂಖ್ಯೆ ಇವೆಲ್ಲ ಮನೆಯ ಒಂದು ಫೈಲಿನಲ್ಲಿರಲಿ. ಸುದ್ದಿ ನಿಂತ ಕೂಡಲೇ ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ನಿಮ್ಮ ಸಂಸದರ ಕಚೇರಿಗೂ ಜಿಲ್ಲಾಧಿಕಾರಿಗೂ ಲಿಖಿತವಾಗಿ ಕೊಡಿ. ಇಷ್ಟು ಹಣ ಕಳಿಸಿದರೆ ನಿಮ್ಮ ಮಗನನ್ನು ಬಿಡಿಸುತ್ತೇನೆ ಎಂದು ಯಾರಾದರೂ ಕರೆ ಮಾಡಿದರೆ, ಆ ಸಂಖ್ಯೆಯನ್ನೂ ಹೇಳಿದ ಮಾತನ್ನೂ ಬರೆದಿಟ್ಟುಕೊಂಡು ರಾಯಭಾರ ಕಚೇರಿಗೆ ತಿಳಿಸಿ. ಅವರ ಉತ್ತರ ಬರುವ ತನಕ ಒಂದು ರೂಪಾಯಿಯನ್ನೂ ಕಳಿಸಬೇಡಿ.